ಕಿಟಕಿ ಬೆಳಕಿಗೊಂದು ಚೌಕಟ್ಟು: ನಡುಮನೆಯಲ್ಲಿ ಕಟ್ಟಿದ ಫೋಟೊ ಮೂಲೆ

ಮೈಸೂರಿನ ನಮ್ಮ ಹಳೆ ಮನೆಯ ನಡುಮನೆಗೆ ಉತ್ತರ ದಿಕ್ಕಿನಲ್ಲಿ ಒಂದು ಕಿಟಕಿ ಇದೆ. 3 ಅಡಿ ಅಗಲ, 4 ಅಡಿ ಎತ್ತರ, ಕಬ್ಬಿಣದ ಸರಳುಗಳು. ನೆಲದಿಂದ 2 ಅಡಿ ಮೇಲಕ್ಕೆ ಶುರುವಾಗುತ್ತದೆ. ಅದರ ಪಕ್ಕದಲ್ಲಿ ಪಾತ್ರೆ, ಹಣ್ಣು ಇಟ್ಟು ಫೋಟೊ ತೆಗೆಯಲೂ ಆಗಬೇಕು, ಮನೆಯವರನ್ನು ಕೂರಿಸಿ ಮುಖದ ಫೋಟೊ ತೆಗೆಯಲೂ ಆಗಬೇಕು, ಕೆಲಸ ಮುಗಿದ ಮೇಲೆ ಬಿಚ್ಚಿ ಬಾಗಿಲ ಹಿಂದೆ ಇಡಲೂ ಬರಬೇಕು. ಅಂಥದ್ದೊಂದು ಸೆಟಪ್ ಕಟ್ಟಿದ್ದೇನೆ. ಸ್ಟುಡಿಯೊ ಲೈಟು, ಅದರ ಬೆಳಕು ಹರಡುವ ಸಾಫ್ಟ್‌ಬಾಕ್ಸ್ ಯಾವುದೂ ಇಲ್ಲ. ಪಿವಿಸಿ ಪೈಪು, ಒಂದು ಬಿಳಿ ಪಂಚೆ, ಕಪ್ಪು ಬಟ್ಟೆ, ಹಗುರ ಫೋಮ್ ಹಲಗೆಯಾದ ಸನ್‌ಬೋರ್ಡು, ಒಂದು ಕಡಪ ಕಲ್ಲು, ಒಂದು ಪ್ಲೈವುಡ್ ಹಲಗೆ. ಅಳತೆ, ಜೋಡಣೆ, ಯಾವ ಸಾಮಾನು ಯಾಕೆ ಅನ್ನುವುದನ್ನೆಲ್ಲ ಇಲ್ಲಿ ಬರೆದಿದ್ದೇನೆ.

ಮೊದಲು ಇದನ್ನು ಹೇಳಲೇಬೇಕು. ನಮ್ಮ ಮನೆಗಳಲ್ಲಿ ಬೆಳಕಿಗೆ ಬರ ಇಲ್ಲ. ಎಲ್ಲ ಕಡೆಯಿಂದ ಬರುತ್ತದೆ ಅನ್ನುವುದೇ ತೊಂದರೆ. ಕೆಂಪು ರೆಡ್ ಆಕ್ಸೈಡ್ ನೆಲದ ಮೇಲೆ ಬಿದ್ದ ಬೆಳಕು ಮೇಲಕ್ಕೆ ಚಿಮ್ಮಿ ಕೂತವರ ಗದ್ದದ ಕೆಳಗೆ ಕೆಂಪು ಬಳಿಯುತ್ತದೆ. ಹಸಿರು ಗೋಡೆ ಕೆನ್ನೆಗೆ ಹಸಿರು ಕೊಡುತ್ತದೆ. ಎದುರು ಬಾಗಿಲಿನಿಂದ ಇನ್ನೊಂದು ಬೆಳಕು, ಮೇಲೆ ಟ್ಯೂಬ್‌ಲೈಟು. ಹೀಗೆ ಸುತ್ತಲಿಂದ ಬೆಳಕು ಬಿದ್ದಾಗ ದುಂಡನೆ ಚೊಂಬು ರಟ್ಟಿನಲ್ಲಿ ಕತ್ತರಿಸಿ ಅಂಟಿಸಿದ ಹಾಗೆ ಚಪ್ಪಟೆಯಾಗಿ ಕಾಣುತ್ತದೆ. ದುಂಡು ಕಾಣಬೇಕಾದರೆ ಒಂದು ಪಕ್ಕ ಬೆಳಕು, ಇನ್ನೊಂದು ಪಕ್ಕ ನೆರಳು ಇರಬೇಕು. ಆದ್ದರಿಂದ ಈ ಸೆಟಪ್‌ನಲ್ಲಿ ಬೆಳಕು ತರುವ ಸಾಮಾನಿಗಿಂತ ಬೆಳಕು ತಡೆಯುವ ಸಾಮಾನೇ ಜಾಸ್ತಿ.

ಉತ್ತರದ ಕಿಟಕಿ ಅಂದರೆ ಸಾಕಾ?

ಯುರೋಪಿನ ಚಿತ್ರಕಾರರ ಕಾಲದಿಂದ ಬಂದ ಮಾತೊಂದಿದೆ: ಉತ್ತರದ ಕಿಟಕಿ ಹುಡುಕಿ, ಅಲ್ಲಿ ನೇರ ಬಿಸಿಲು ಬೀಳುವುದಿಲ್ಲ. ಅವರ ಊರಿಗೆ ಅದು ಸರಿ. ನಾವಿರುವುದು ಭೂಮಧ್ಯರೇಖೆಗೆ ಹತ್ತಿರ. ಮೈಸೂರು ಸುಮಾರು 12 ಡಿಗ್ರಿ ಉತ್ತರಕ್ಕಿದೆ, ಬೆಂಗಳೂರು ಸುಮಾರು 13. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ. ಶೂನ್ಯ ನೆರಳಿನ ದಿನ ಅಂತ ಶಾಲೆ ಮಕ್ಕಳು ಕೋಲು ನೆಟ್ಟು ನೋಡುತ್ತಾರಲ್ಲ, ಅದೇ. ಈ ಎರಡು ದಿನಗಳ ನಡುವೆ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ. ಅಂದರೆ ಮೇ, ಜೂನ್, ಜುಲೈನಲ್ಲಿ ನಮ್ಮ ಉತ್ತರದ ಕಿಟಕಿಗೂ ಬಿಸಿಲು ಬರುತ್ತದೆ. ನಡು ಮಧ್ಯಾಹ್ನದ್ದನ್ನು ಸಜ್ಜ ತಡೆಯುತ್ತದೆ. ಬೆಳಗ್ಗೆ ಮತ್ತು ಸಂಜೆಯ ಓರೆ ಬಿಸಿಲು ಮಾತ್ರ ಸೀದಾ ಒಳಗೆ ಬಂದು ಸರಳಿನ ಪಟ್ಟೆ ಪಟ್ಟೆ ನೆರಳು ಹಾಕುತ್ತದೆ.

ಅದಕ್ಕೇ ಕಿಟಕಿ ಯಾವ ದಿಕ್ಕಿಗಿದ್ದರೂ ಅದರ ಮುಂದೆ ಒಂದು ಪರದೆ ಬೇಕು. ಪರದೆ ನಿಲ್ಲಿಸಲು ಚೌಕಟ್ಟು ಬೇಕು. ಗೋಡೆಗೆ ಮೊಳೆ ಹೊಡೆದು ನೇತು ಹಾಕಬಹುದಿತ್ತು. ಆದರೆ ಪರದೆಯನ್ನು ಮುಂದೆ ಹಿಂದೆ ಸರಿಸಲು ಬರಬೇಕು, ಆಗಲೇ ಅದರ ಪೂರ್ತಿ ಉಪಯೋಗ.

ಪೈಪಿನ ಲೆಕ್ಕ

1 ಇಂಚಿನ ಪಿವಿಸಿ ಪೈಪು, 10 ಅಡಿ ಉದ್ದದವು ಮೂರು. ಮೂರು ಬಾಯಿಯ T ಆಕಾರದ ಟೀ ಆರು, ಮೂಲೆಗೆ ಹಾಕುವ ಎಲ್ಬೊ ಎರಡು, ತುದಿ ಮುಚ್ಚುವ ಎಂಡ್ ಕ್ಯಾಪ್ ನಾಲ್ಕು. ಮುಕ್ಕಾಲು ಇಂಚಿನ ಪೈಪು ಅಗ್ಗ, ಆದರೆ 4 ಅಡಿ ಅಡ್ಡಪಟ್ಟಿಗೆ ಬಟ್ಟೆ ಹಾಕಿದರೆ ನಡುವೆ ಬಾಗುತ್ತದೆ. 1 ಇಂಚಿನದೇ ತೊಗೊಳ್ಳಿ.

ಮೊದಲ ಪೈಪಿನಲ್ಲಿ 4 ಅಡಿಯ ಎರಡು ತುಂಡು, 2 ಅಡಿಯದೊಂದು. ಎರಡನೆಯದರಲ್ಲಿ 4 ಅಡಿ, ಮೂರೂವರೆ ಅಡಿ, 2 ಅಡಿ. ಮೂರನೆಯದರಲ್ಲಿ ಮೂರೂವರೆ ಅಡಿಯದೊಂದು, 6 ಇಂಚಿನವು ಎರಡು, 1 ಅಡಿಯವು ನಾಲ್ಕು. ಆಕ್ಸಾ ಬ್ಲೇಡಿನಲ್ಲಿ ಕತ್ತರಿಸಿ ಅಂಚನ್ನು ಮರಳು ಕಾಗದದಲ್ಲಿ ಉಜ್ಜಿದರೆ ಸಾಕು.

ಜೋಡಣೆ ಕೆಳಗಿನಿಂದ ಮೇಲಕ್ಕೆ. 1 ಅಡಿಯ ಎರಡೆರಡು ತುಂಡುಗಳನ್ನು ಟೀಗೆ ಸಿಕ್ಕಿಸಿದರೆ ಎರಡು ಪಾದ ಆದವು. ಪಾದದ ಮೇಲೆ 6 ಇಂಚಿನ ತುಂಡು, ಅದರ ತಲೆಗೆ ಇನ್ನೊಂದು ಟೀ, ಅಲ್ಲಿ ಕೆಳ ಅಡ್ಡಪಟ್ಟಿ. ಅದರ ಮೇಲೆ ಮೂರೂವರೆ ಅಡಿ ಪೈಪು, ಮತ್ತೊಂದು ಟೀ, ಅಲ್ಲಿ ನಡು ಅಡ್ಡಪಟ್ಟಿ. ಕೊನೆಗೆ 2 ಅಡಿ ಪೈಪು, ಎಲ್ಬೊ, ಮೇಲಿನ ಪಟ್ಟಿ. ಒಟ್ಟು 6 ಅಡಿ ಎತ್ತರ, 4 ಅಡಿ ಅಗಲ. ಗಮ್ ಎಲ್ಲೂ ಹಾಕಿಲ್ಲ. ಹಾಕಿದರೆ ಬಿಚ್ಚಲು ಬರುವುದಿಲ್ಲ.

ಪಾದದ ಪೈಪುಗಳಿಗೆ ಒಣ ಮರಳು ತುಂಬಿ ಎಂಡ್ ಕ್ಯಾಪ್ ಮುಚ್ಚಿದ್ದೇನೆ. ಫ್ಯಾನ್ ಹಾಕಿದರೆ ಬಟ್ಟೆ ಹಾಯಿಯಂತೆ ಗಾಳಿ ಹಿಡಿಯುತ್ತದೆ, ಹಗುರ ಪೈಪು ಅಲುಗಾಡುತ್ತದೆ. ಮರಳು ಕೆಳಗೆ ಹಿಡಿದಿಡುತ್ತದೆ.

ನೆಲದಿಂದ 4 ಅಡಿ ಎತ್ತರದಲ್ಲಿ ನಡುಪಟ್ಟಿ ಯಾಕೆ ಅಂತ ಕೇಳಬಹುದು. ಕಿಟಕಿಯ ಕೆಳಗಿನ ಅರ್ಧ ಮುಚ್ಚುವುದಕ್ಕೆ. ಮುಖದ ಫೋಟೊಗೆ ಇಡೀ ಚೌಕಟ್ಟಿನಲ್ಲಿ ಇದೇ ಮುಖ್ಯ ಭಾಗ, ಮುಂದೆ ಬರುತ್ತೇನೆ.

ಪಂಚೆ, ಕಪ್ಪು ಬಟ್ಟೆ, ಸನ್‌ಬೋರ್ಡು

ಪರದೆಗೆ ಟ್ರೇಸಿಂಗ್ ಪೇಪರ್ ಚೆನ್ನ, ಆದರೆ ಒಮ್ಮೆ ಮಡಿಕೆ ಬಿದ್ದರೆ ಆ ಗೆರೆ ಪಾತ್ರೆಯ ಹೊಳಪಿನಲ್ಲಿ ಎದ್ದು ಕಾಣುತ್ತದೆ. ಹತ್ತಾರು ಸಲ ಒಗೆದು ಮೆತ್ತಗಾದ ಬಿಳಿ ಹತ್ತಿ ಪಂಚೆ ನನಗೆ ಅದಕ್ಕಿಂತ ಒಗ್ಗಿದೆ. ಹೆಚ್ಚು ಕಡಿಮೆ 4 ಅಡಿ ಅಗಲ ಇರುವುದರಿಂದ ಚೌಕಟ್ಟಿಗೆ ಸರಿಹೋಗುತ್ತದೆ. ಬಣ್ಣದ ಅಂಚು ಎರಡು ಪಕ್ಕಕ್ಕೆ ಬರುವ ಹಾಗೆ ಉದ್ದಕ್ಕೆ ಇಳಿಬಿಡಿ. ಕಿಟಕಿ 3 ಅಡಿ ಮಾತ್ರ ಅಲ್ವಾ, ಅಂಚು ಬೆಳಕಿನ ದಾರಿಯಿಂದ ಹೊರಗೆ ಉಳಿಯುತ್ತದೆ. ನೀಲಿ ಹಾಕಿ ಒಗೆದ ಪಂಚೆ ಬೇಡ, ಬೆಳಕಿಗೂ ನೀಲಿ ಸೇರುತ್ತದೆ. ಕೆನೆ ಬಣ್ಣದ್ದು ಬೆಳಕನ್ನು ಹಳದಿ ಮಾಡುತ್ತದೆ. ಬಟ್ಟೆ ಕ್ಲಿಪ್ಪಿನಲ್ಲಿ ನಾಲ್ಕೂ ಕಡೆ ಬಿಗಿದು ಕಟ್ಟಿ. ಬಿಸಿಲು ಬಿದ್ದ ತಕ್ಷಣ ಪಂಚೆಯೇ ಬೆಳಗುತ್ತದೆ. ಸರಳಿನ ನೆರಳು ಮಾಯ.

ಪಂಚೆ ವಸ್ತುವಿಗೆ ಹತ್ತಿರ ಬಂದಷ್ಟೂ ನೆರಳಿನ ಅಂಚು ಮೆತ್ತಗಾಗುತ್ತದೆ, ದೂರ ಹೋದಷ್ಟೂ ಗಡುಸಾಗುತ್ತದೆ. ವಸ್ತು ಇರುವ ಜಾಗದಿಂದ ನೋಡಿದಾಗ ಬೆಳಕಿನ ಮೂಲ ಎಷ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದರ ಮೇಲೆ ಇದು ನಿಂತಿದೆ. ಆಕಾಶದ ಸೂರ್ಯ ಅಗಾಧ, ಆದರೆ ನಮಗೆ ಕಾಣುವುದು ಸಣ್ಣ ಬಿಲ್ಲೆ. ಅದಕ್ಕೇ ಬಿಸಿಲಿನ ನೆರಳು ಚಾಕುವಿನಲ್ಲಿ ಕೊರೆದ ಹಾಗೆ ಇರುತ್ತದೆ.

ಹತ್ತಿರ ತಂದಾಗ ಇನ್ನೊಂದೂ ಆಗುತ್ತದೆ. ಸಣ್ಣ ದೀಪವಾದರೆ ದೂರ ಎರಡರಷ್ಟಾದಾಗ ಬೆಳಕು ನಾಲ್ಕರಲ್ಲಿ ಒಂದಕ್ಕೆ ಇಳಿಯುತ್ತದೆ. ಪಂಚೆಯಂಥ ದೊಡ್ಡ ಮೂಲದ ಪಕ್ಕದಲ್ಲೇ ಲೆಕ್ಕ ಇಷ್ಟು ಕಟ್ಟುನಿಟ್ಟಾಗಿ ನಡೆಯುವುದಿಲ್ಲ, ಆದರೂ ಇಳಿತ ಕಣ್ಣಿಗೆ ಕಾಣುತ್ತದೆ. ಹತ್ತಿರ ಇಟ್ಟರೆ ಚೊಂಬಿನ ಎಡಕ್ಕೂ ಬಲಕ್ಕೂ ಅಂತರ ಜೋರು. ದೂರ ಇಟ್ಟರೆ ಎಲ್ಲ ಸಮ ಸಮ.

ಕಪ್ಪು ಬಟ್ಟೆಯಲ್ಲಿ ದುಡ್ಡು ಉಳಿಸಬೇಡಿ. ಪಾಲಿಸ್ಟರ್ ಲೈನಿಂಗ್ ಬಟ್ಟೆ ಕಪ್ಪಗಿದ್ದರೂ ಹೊಳೆಯುತ್ತದೆ, ಫೋಟೊದಲ್ಲಿ ಬೂದು ಬಣ್ಣಕ್ಕೆ ತಿರುಗುತ್ತದೆ. ವೆಲ್ವೆಟ್ ಬೆಳಕನ್ನು ನುಂಗುತ್ತದೆ. ಅದನ್ನು ಒಂದು ದಿಕ್ಕಿಗೆ ಸವರಿದರೆ ಹೊಳಪು, ಇನ್ನೊಂದು ದಿಕ್ಕಿಗೆ ಸವರಿದರೆ ಕಡು ಕಪ್ಪು. ಕಪ್ಪಾಗಿ ಕಾಣುವ ದಿಕ್ಕು ನೋಡಿಕೊಂಡು ತೂಗುಹಾಕಿ. ಎರಡು ತುಂಡು ಬೇಕು: 4 ಅಡಿ ಚೌಕದ್ದೊಂದು ನಡುಪಟ್ಟಿಗೆ, ಇನ್ನೊಂದು ನೆಲಕ್ಕೆ. ಹೌದು, ನೆಲಕ್ಕೆ ಹಾಸಲೇಬೇಕು. ಹಾಸಿದ ಮೇಲೆ ಗದ್ದದ ಕೆಂಪು ಹೋಗುವುದನ್ನು ನೋಡಿ, ಆಗ ಈ ಬಟ್ಟೆಯ ಬೆಲೆ ಗೊತ್ತಾಗುತ್ತದೆ.

ಸನ್‌ಬೋರ್ಡು 5 ಮಿ.ಮೀ. ದಪ್ಪದ್ದು, 2 ಅಡಿ ಅಗಲ 4 ಅಡಿ ಎತ್ತರದ ಎರಡು ತುಂಡು. ಉದ್ದದ ಅಂಚಿಗೆ ಬಟ್ಟೆ ಟೇಪು ಅಂಟಿಸಿ ಪುಸ್ತಕದ ಹಾಗೆ ಮಡಚುವಂತೆ ಮಾಡಿದೆ. ತಾನಾಗೇ ನಿಲ್ಲುತ್ತದೆ. ಒಳಗೆ ಬಿಳಿ, ಹೊರಗೆ ಕಪ್ಪು ಚಾರ್ಟ್ ಪೇಪರ್. ತಿರುಗಿಸಿದರೆ ಕೆಲಸ ಬದಲಾಯಿತು: ಬಿಳಿ ನೆರಳನ್ನು ತಿಳಿಯಾಗಿಸುತ್ತದೆ, ಕಪ್ಪು ಇನ್ನಷ್ಟು ಗಾಢ ಮಾಡುತ್ತದೆ. ಉಳಿದ ಚೂರುಗಳನ್ನು ಬಿಸಾಡಬೇಡಿ. ಅಂಗೈ ಅಗಲದ ಬಿಳಿ, ಕಪ್ಪು ತುಂಡುಗಳು ಮೇಜಿನ ಮೇಲೆ ಹೆಜ್ಜೆ ಹೆಜ್ಜೆಗೂ ಬೇಕಾಗುತ್ತವೆ.

ಮೇಜಿನ ಮೇಲೆ ಪಾಲಿಶ್ ಮಾಡದ ಕಡಪ ಕಲ್ಲು. ಅದರ ಬೂದುಗಪ್ಪು ಮೈ ಯಾವ ಬಣ್ಣಕ್ಕೂ ಜಗಳ ಆಡುವುದಿಲ್ಲ. ಹಿನ್ನೆಲೆಗೆ 6 ಮಿ.ಮೀ. ಪ್ಲೈವುಡ್ ಮೇಲೆ ಡಿಸ್ಟೆಂಪರ್. ಬಣ್ಣ ಕೊಡುವ ಸ್ಟೇನರಿನಲ್ಲಿ ಕಪ್ಪು ಜಾಸ್ತಿ, ಕಂದು ಸ್ವಲ್ಪ ಬೆರೆಸಿ, ಎರಡು ಮೂರು ಬಗೆಯ ಬೂದು ಮಾಡಿಕೊಂಡು ಸ್ಪಂಜಿನಲ್ಲಿ ಒತ್ತಿದ್ದು. ಎನಾಮೆಲ್ ಬೇಡ, ಹೊಳೆಯುತ್ತದೆ.

ಚೊಂಬು ಮತ್ತು ಲೋಟ

ಪರೀಕ್ಷೆಗೆ ಹಿತ್ತಾಳೆ ಚೊಂಬು, ಎರಡು ನಿಂಬೆಹಣ್ಣು, ಒಂದಿಷ್ಟು ವೀಳ್ಯದೆಲೆ ಇಟ್ಟೆ. ಕಿಟಕಿ ಎಡಕ್ಕೆ. ಮೊದಲ ಕೆಲಸ, ಮನೆಯ ಎಲ್ಲ ದೀಪ ಆರಿಸಿ ಎದುರು ಬಾಗಿಲು ಮುಚ್ಚುವುದು.

ಬೆಳಗಿದ ಹಿತ್ತಾಳೆ ಅಂದರೆ ಕನ್ನಡಿ. ಅದು ತನ್ನ ಬೆಳಕನ್ನು ತೋರಿಸುವುದಿಲ್ಲ, ಸುತ್ತಲಿರುವುದನ್ನು ತೋರಿಸುತ್ತದೆ. ಹಾಗಾಗಿ ಚೊಂಬಿನ ಫೋಟೊ ತೆಗೆಯುವುದು ಅಂದರೆ ಚೊಂಬಿಗೆ ಏನು ಕಾಣಬೇಕು ಅಂತ ನಿರ್ಧರಿಸುವುದು. ಪಂಚೆ ಕಟ್ಟುವ ಮೊದಲು ಅದರ ಹೊಟ್ಟೆಯಲ್ಲಿ ಕಿಟಕಿ, ಸರಳು, ಹೊರಗಿನ ತೆಂಗಿನ ಮರ ಎಲ್ಲ ಕಾಣುತ್ತಿದ್ದವು. ಕಟ್ಟಿದ ಮೇಲೆ ಎಡಕ್ಕೆ ಉದ್ದನೆಯ, ಅಂಚು ಮಸುಕಾದ ಒಂದೇ ಹೊಳಪು. ಬಲಕ್ಕೆ ಬಿಳಿ ಸನ್‌ಬೋರ್ಡಿನ ಸಣ್ಣ ತುಂಡು ಇಟ್ಟರೆ ಆ ಅಂಚಿಗೂ ತೆಳು ಗೆರೆ ಬರುತ್ತದೆ. ಕಪ್ಪು ಇಟ್ಟರೆ ಆ ಪಕ್ಕ ಕತ್ತಲಲ್ಲಿ ಕರಗುತ್ತದೆ. ನಡುವೆ ಕಾಣುವುದು ಕ್ಯಾಮೆರಾ ಮತ್ತು ಅದರ ಹಿಂದೆ ನಿಂತವರು. ಬೇರೊಂದು ಕಪ್ಪು ಬಟ್ಟೆಯಲ್ಲಿ ಲೆನ್ಸ್ ಹೊರಬರುವಷ್ಟು ತೂತು ಮಾಡಿ ಕ್ಯಾಮೆರಾ ಮುಂದೆ ಇಳಿಬಿಟ್ಟರೆ ಇಬ್ಬರೂ ಮರೆಯಾಗುತ್ತಾರೆ.

ಚೊಂಬಿಗಿಂತ ಕಷ್ಟದ್ದು ಕಾಫಿ ಕುಡಿಯುವ ಸ್ಟೀಲ್ ಲೋಟ. ಎರಡೂ ಪಕ್ಕ ಬಿಳಿ ಬೋರ್ಡನ್ನು ಲೋಟದ ಹತ್ತಿರಕ್ಕೆ ತನ್ನಿ, ಚಿತ್ರದಲ್ಲಿ ಕಾಣದಷ್ಟು ಮಾತ್ರ ಹೊರಗಿರಲಿ. ಎರಡು ಬಿಳಿ ಪಟ್ಟೆ, ನಡುವೆ ಕ್ಯಾಮೆರಾ ಬಟ್ಟೆಯ ಕಪ್ಪು ಪಟ್ಟೆ. ಆಗ ಲೋಟ ಲೋಹದ ಹಾಗೆ ಕಾಣುತ್ತದೆ. ಲೆನ್ಸಿನ ಮುಂದೆ ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್ ಹಾಕಿದರೆ ಲೋಹದ ಹೊಳಪು ಹೋಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಹೋಗುವುದಿಲ್ಲ. ವೀಳ್ಯದೆಲೆಯ ಹೊಳಪನ್ನು, ಪಿಂಗಾಣಿಯ ಹೊಳಪನ್ನು ಅದು ತಗ್ಗಿಸುತ್ತದೆ, ಅದೂ ಬೆಳಕು ಓರೆಯಾಗಿ ಬಿದ್ದಾಗ. ಲೋಹಕ್ಕೆ ಬಿಳಿ ಕಪ್ಪು ಹಲಗೆಗಳೇ ಗತಿ.

ಕ್ಯಾಮೆರಾ ಟ್ರೈಪಾಡ್ ಮೇಲೆ, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಲೆನ್ಸಿನ ತೂತು ಎಫ್ 8, ಶಟರ್ ಎಷ್ಟು ನಿಧಾನ ಆದರೂ ಚಿಂತೆ ಇಲ್ಲ, 2 ಸೆಕೆಂಡ್ ಟೈಮರ್. ಕ್ಯಾಮೆರಾದ ಮೀಟರು ಎಲ್ಲವನ್ನೂ ನಡು ಬೂದುಬಣ್ಣ ಮಾಡಲು ನೋಡುತ್ತದೆ. ಕಪ್ಪು ಜಾಸ್ತಿ ಇರುವ ಈ ಚಿತ್ರವನ್ನು ಬೆಳ್ಳಗೆ ಮಾಡಿಬಿಡುತ್ತದೆ. ಎಕ್ಸ್‌ಪೋಷರ್ ಅನ್ನು ಒಂದು, ಒಂದೂವರೆ ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ). ಫೋನಿನಲ್ಲಾದರೆ ಹೊಳಪಿನ ಮೇಲೆ ಬೆರಳು ಒತ್ತಿ ಹಿಡಿದು ಲಾಕ್ ಮಾಡಿ, ಬೆಳಕಿನ ಗುರುತನ್ನು ಕೆಳಗೆ ಎಳೆಯಿರಿ. ನೈಟ್ ಮೋಡ್, ಎಚ್‌ಡಿಆರ್ ಎರಡನ್ನೂ ಆಫ್ ಮಾಡಿ. ಇಷ್ಟು ಕಷ್ಟಪಟ್ಟು ಮಾಡಿದ ನೆರಳನ್ನು ಅವು ತುಂಬಿಬಿಡುತ್ತವೆ.

ಎಲ್ಲಿ ಇಡುವುದು

ಚಿತ್ರದೊಳಗಿನ ವಸ್ತುಗಳ ಜೋಡಣೆಯನ್ನೂ ಬೆಳಕನ್ನೂ ಬೇರೆ ಬೇರೆ ಪಾಠವಾಗಿ ಹೇಳಿಕೊಡುತ್ತಾರೆ. ನನಗೆ ಅವು ಒಂದೇ ಕೆಲಸ. ಚಿತ್ರವನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಭಾಗ ಮಾಡುವ ಗೆರೆಗಳನ್ನು ಕ್ಯಾಮೆರಾ ಸ್ಕ್ರೀನಿನ ಮೇಲೆ ಹಾಕಿಕೊಳ್ಳಿ, ಅಡ್ಡಿಯಿಲ್ಲ. ಆದರೆ ಚೊಂಬನ್ನು ಗೆರೆಯ ಮೇಲೆ ಕೂರಿಸಿದ ಮಾತ್ರಕ್ಕೆ ಚಿತ್ರ ಆಗುವುದಿಲ್ಲ. ಕಣ್ಣು ಮೊದಲು ಹೋಗುವುದು ಬೆಳಕೂ ಕತ್ತಲೂ ಜೋರಾಗಿ ಸೇರುವ ಜಾಗಕ್ಕೆ. ಆ ಜಾಗ ಎಲ್ಲಿ ಬರಬೇಕು ಅಂತ ಮೊದಲು ಯೋಚಿಸಿ.

ಹಿನ್ನೆಲೆಗೆ ನಾನು ಮಾಡಿದ್ದು ಇದು. ಚೊಂಬಿನ ಎಡ ಪಕ್ಕ ಬೆಳಗಿದೆ, ಅದರ ಹಿಂದೆ ಕತ್ತಲಿರಬೇಕು. ಬಲ ಪಕ್ಕ ನೆರಳು, ಅದರ ಹಿಂದೆ ಸ್ವಲ್ಪ ಬೆಳಕಿರಬೇಕು. ಆಗ ಎರಡೂ ಅಂಚು ಕಾಣುತ್ತವೆ, ಚೊಂಬು ಹಿನ್ನೆಲೆ ಬಿಟ್ಟು ಮುಂದೆ ಬರುತ್ತದೆ. ಕಿಟಕಿ ಬೆಳಕು ತನ್ನಷ್ಟಕ್ಕೆ ಇದರ ಉಲ್ಟಾ ಮಾಡುತ್ತದೆ, ಹಿನ್ನೆಲೆ ಹಲಗೆಯ ಎಡವನ್ನೇ ಹೆಚ್ಚು ಬೆಳಗುತ್ತದೆ. ಅದಕ್ಕೆ ಹಲಗೆಯ ಎಡ ತುದಿ ಹತ್ತಿರ ಒಂದು ಕಪ್ಪು ಸನ್‌ಬೋರ್ಡ್ ನಿಲ್ಲಿಸಿದೆ. ಹತ್ತಿರದ ಭಾಗಕ್ಕೆ ಬೆಳಕು ತಪ್ಪಿತು, ದೂರದ ಬಲ ಭಾಗಕ್ಕೆ ದಾಟಿಕೊಂಡು ಹೋಯಿತು. ಹಲಗೆಯ ಬಲ ತುದಿಯನ್ನು ಸ್ವಲ್ಪ ಮುಂದಕ್ಕೆ, ಕಿಟಕಿಗೆ ಮುಖ ಮಾಡುವಂತೆ ತಿರುಗಿಸಿದ್ದೂ ನೆರವಾಯಿತು. ಈ ಒಂದು ಬದಲಾವಣೆಯಿಂದ ಚಿತ್ರಕ್ಕೆ ಬಂದ ಆಳ ಬೇರೆ ಯಾವುದರಿಂದಲೂ ಬಂದಿಲ್ಲ.

ನಿಂಬೆಹಣ್ಣಿನ ಅಂಚು ಚೊಂಬಿನ ಅಂಚಿಗೆ ಕೂದಲೆಳೆಯಷ್ಟು ತಾಗಿದ ಹಾಗೆ ಕಂಡರೆ ಕಣ್ಣು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಒಂದರ ಹಿಂದೆ ಒಂದು ಸರಿಯಾಗಿ ಮರೆಯಾಗಲಿ, ಇಲ್ಲ ನಡುವೆ ಸ್ಪಷ್ಟ ಜಾಗ ಇರಲಿ. ಎಲೆಯ ತೊಟ್ಟು ಚಿತ್ರದ ಹೊರಕ್ಕಲ್ಲ, ಒಳಕ್ಕೆ ಮುಖ ಮಾಡಿರಲಿ. ಕ್ಯಾಮೆರಾ ಎತ್ತರ ಮೊದಲೇ ತೀರ್ಮಾನ ಆಗಬೇಕು. ಚೊಂಬಿನ ಹೊಟ್ಟೆಯ ಮಟ್ಟಕ್ಕಿದ್ದರೆ ಗಾಂಭೀರ್ಯ, ಬಾಯಿ ಕಾಣುವಷ್ಟು ಮೇಲಿದ್ದರೆ ಮನೆಯ ಆಪ್ತತೆ. ಕಣ್ಣು ಕಿರಿದು ಮಾಡಿ ನೋಡಿ, ವಿವರ ಮಾಯವಾಗಿ ಬೆಳಕು ಕತ್ತಲೆಯ ತುಂಡುಗಳಷ್ಟೇ ಉಳಿಯುತ್ತವೆ. ಆ ತುಂಡುಗಳೇ ಚೆನ್ನಾಗಿ ಕೂತಿಲ್ಲ ಅಂದರೆ ಮುಂದೆ ಹೋಗಬೇಡಿ.

ಅತ್ತೆಯ ಮುಖ

ಮೇಜು ಸರಿಸಿ ಅದೇ ಜಾಗದಲ್ಲಿ ಒಂದು ಮೋಡಾ (ತಗ್ಗು ಪೀಠ) ಹಾಕಿ ನಮ್ಮ ಸೋದರತ್ತೆಯನ್ನು ಕೂರಿಸಿದೆ. ಕನ್ನಡಕ, ಮೂಗುಬೊಟ್ಟು, ಕಡುಗೆಂಪು ಮೈಸೂರು ರೇಷ್ಮೆ ಸೀರೆ.

ಇಡೀ ಕಿಟಕಿ ತೆರೆದಿದ್ದಾಗ ಬೆಳಕು ಪಕ್ಕದಿಂದಲೂ ಕೆಳಗಿನಿಂದಲೂ ಬರುತ್ತದೆ. ಕಣ್ಣಿನ ಗುಳಿ, ಮೂಗಿನ ಕೆಳಗು, ಗದ್ದದ ಕೆಳಗು ಎಲ್ಲ ಬೆಳಗಿ ಮುಖದ ಎಲುಬಿನ ಆಕಾರ ಹೋಗುತ್ತದೆ. ಈಗ ನಡುಪಟ್ಟಿಗೆ ಕಪ್ಪು ವೆಲ್ವೆಟ್ ಹಾಕಿದೆ. ಬೆಳಕು 4 ಅಡಿಯಿಂದ ಮೇಲೆ ಮಾತ್ರ. ಮೋಡಾ ಮೇಲೆ ಕೂತವರ ಕಣ್ಣು ಮೂರು ಅಡಿಗಿಂತ ತುಸು ಮೇಲಿರುತ್ತದೆ, ಹಾಗಾಗಿ ಬೆಳಕು ಓರೆಯಾಗಿ ಮೇಲಿನಿಂದ ಇಳಿಯಿತು. ಚಿತ್ರಕಾರರು ಕಿಟಕಿಯ ಕೆಳಭಾಗ ಮುಚ್ಚಿ ಕೆಲಸ ಮಾಡುವುದು ಹಳೆ ರೂಢಿ. ಮುಖವನ್ನು ಅರ್ಧ ತಿರುಗಿಸಿದಾಗ ನೆರಳಿನ ಕಡೆಯ ಕೆನ್ನೆ ಮೇಲೆ ಕಣ್ಣಿನ ಕೆಳಗೆ ಒಂದು ಸಣ್ಣ ಬೆಳಕಿನ ತ್ರಿಕೋನ ಬೀಳುತ್ತದೆ. 17ನೇ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟ್ ಹೆಸರಿನಲ್ಲೇ ಈ ಬೆಳಕನ್ನು ಕರೆಯುತ್ತಾರೆ. ಮೂಗಿನ ನೆರಳು ಕೆನ್ನೆಯ ನೆರಳಿಗೆ ಸೇರಿದಾಗಲೇ ತ್ರಿಕೋನ ಆಗುವುದು. ಸೇರದಿದ್ದರೆ ಮುಖ ಇನ್ನೊಂದು ಚೂರು ಆಚೆ ತಿರುಗಬೇಕು.

"ಅತ್ತೆ, ಗದ್ದ ಸ್ವಲ್ಪ ಕೆಳಗೆ ಮಾಡಿ" ಅಂದೆ. "ಬೇಗ ತೆಗಿಯೋ, ಒಲೆ ಮೇಲೆ ಹಾಲಿಟ್ಟಿದೀನಿ" ಅಂದರು. ಗದ್ದ ತಗ್ಗಿಸಲು ಹೇಳಿದ್ದು ಕನ್ನಡಕಕ್ಕಾಗಿ. ಗಾಜಿನಲ್ಲಿ ಪಂಚೆ ಬೆಳ್ಳಗೆ ಕಾಣುತ್ತಿತ್ತು. ಗದ್ದ ಒಂದಿಷ್ಟು ಇಳಿಸಿ, ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲೆ ಚೂರು ಎತ್ತಿದರೆ ಗಾಜು ಕೆಳಕ್ಕೆ ಬಾಗುತ್ತದೆ, ಪ್ರತಿಫಲನ ನೆಲದ ಕಡೆಗೆ ಹೋಗುತ್ತದೆ. ನೆಲದಲ್ಲಿ ಕಪ್ಪು ಬಟ್ಟೆ ಇದೆ, ಗಾಜು ತಿಳಿಯಾಯಿತು.

ನಮ್ಮ ಕಂದು ಮೈಬಣ್ಣದ ಬಗ್ಗೆ ಒತ್ತಿ ಹೇಳಬೇಕು. ಬಿಳಿ ಚರ್ಮದ ಆಕಾರವನ್ನು ನೆರಳು ತೋರಿಸುತ್ತದೆ. ಕಪ್ಪು, ಕಂದು ಚರ್ಮದ ಆಕಾರವನ್ನು ಹೊಳಪು ತೋರಿಸುತ್ತದೆ. ಕೆನ್ನೆಯ ಎಲುಬು, ಮೂಗಿನ ದಂಡೆ, ಹಣೆ, ಇಲ್ಲಿ ಅಗಲವಾದ ಮೆತ್ತನೆ ಹೊಳಪು ಬೇಕು. ಅದನ್ನು ದೊಡ್ಡ ಪಂಚೆ ಕೊಡುತ್ತದೆ. ಮುಖ ಬೆಳ್ಳಗಾಗಲಿ ಅಂತ ಎಕ್ಸ್‌ಪೋಷರ್ ಏರಿಸುವುದು, ಪೌಡರ್ ಬಳಿಯುವುದು ಎರಡೂ ಬೇಡ. ಅತ್ತೆಯ ಬಣ್ಣ ಇದ್ದ ಹಾಗೇ ಬಂತು, ಅಷ್ಟು ಚೆಂದ ಬಂತು.

ಮೂಗುಬೊಟ್ಟು ಮಾತ್ರ ಸತ್ತ ಹಾಗಿತ್ತು. ಕಲ್ಲು ಮಿನುಗಬೇಕಾದರೆ ಸಣ್ಣ, ತೀಕ್ಷ್ಣ ಬೆಳಕು ಬೇಕು. ಹರಡಿದ ಬೆಳಕಿನಲ್ಲಿ ವಜ್ರವೂ ಗಾಜೇ. ಪಂಚೆಯ ಮೇಲಂಚಿನ ಒಂದು ಕ್ಲಿಪ್ ಸಡಿಲಿಸಿ ಬೆರಳಗಲ ಸೀಳು ಬಿಟ್ಟೆ. ಅಲ್ಲಿಂದ ಬಂದ ಆಕಾಶದ ನೇರ ಬೆಳಕಿಗೆ ಕಲ್ಲು ಎದ್ದು ಕೂತಿತು. ರೇಷ್ಮೆಯ ಮಡಿಕೆಗಳು ಪಕ್ಕದ ಬೆಳಕಿಗೆ ತಾವೇ ಹೊಳೆದವು, ಅಲ್ಲಿ ಏನೂ ಮಾಡಬೇಕಾಗಲಿಲ್ಲ.

ಫೋನಿನಲ್ಲಿ ತೆಗೆಯುವವರು ಮುಖ್ಯ ಲೆನ್ಸ್ ಹಿಡಿದು ಹತ್ತಿರ ಹೋಗಬೇಡಿ, ಮೂಗು ಊದಿಕೊಂಡು ಕಾಣುತ್ತದೆ. ಎರಡು ಅಥವಾ ಮೂರು ಪಟ್ಟಿನ ಲೆನ್ಸ್ ಹಾಕಿ, ಐದಾರು ಅಡಿ ಹಿಂದೆ ನಿಲ್ಲಿ. ಮುಖದ ಅಳತೆ ಬದಲಾಗುವುದು ನೀವು ನಿಂತ ದೂರದಿಂದ.

ದೀಪದ ಪಾಠ

ಇಲ್ಲೇ ಜಗನ್ಮೋಹನ ಅರಮನೆಯ ಗ್ಯಾಲರಿಯಲ್ಲಿ ಚಿತ್ರಕಾರ ಎಸ್.ಎಲ್. ಹಲ್ದಣಕರ್ ಬರೆದ ದೀಪ ಹಿಡಿದ ಹೆಣ್ಣಿನ ಜಲವರ್ಣ ಚಿತ್ರ ಇದೆ. ತಮ್ಮ ಮಗಳನ್ನೇ ನಿಲ್ಲಿಸಿ ಬರೆದದ್ದು. ರವಿವರ್ಮನದು ಅಂತ ಅನೇಕರು ತಿಳಿದಿರುವುದೂ ಇದನ್ನೇ. ಅದರ ಮುಂದೆ ನಿಂತಾಗ ಎಲ್ಲರೂ ಮುಖದ ಬೆಳಕು ನೋಡುತ್ತಾರೆ. ನೀವು ಅವಳ ಕೈ ನೋಡಿ. ದೀಪದ ಕುಡಿ ನಮಗೆ ಕಾಣದಂತೆ ಆ ಕೈ ಮರೆ ಮಾಡಿದೆ. ಬೆರಳುಗಳ ಸಂದಿನಲ್ಲಿ ಕೆಂಪಾಗಿ ಬೆಳಕು ಸೋರುತ್ತದೆ. ಕೈ ಇಲ್ಲದಿದ್ದರೆ ಕುಡಿಯೇ ಕಣ್ಣು ಕುಕ್ಕುತ್ತಿತ್ತು, ಮುಖ ಹಿಂದೆ ಸರಿಯುತ್ತಿತ್ತು.

ಅದನ್ನು ಮನೆಯಲ್ಲಿ ಪ್ರಯತ್ನಿಸುವುದು ಸುಲಭ. ಕಿಟಕಿ ಪೂರ್ತಿ ಮುಚ್ಚಿ, ಎಣ್ಣೆ ದೀಪ ಒಂದೇ ಇರಲಿ. ಕ್ಯಾಮೆರಾ ಕಡೆಗೆ ಕೈ ಅಡ್ಡ ಹಿಡಿಯಲಿ. ಬೆಳಕಿನ ಬಣ್ಣ ಹದ ಮಾಡುವ ವೈಟ್ ಬ್ಯಾಲೆನ್ಸನ್ನು ಆಟೊದಲ್ಲಿ ಬಿಡಬೇಡಿ, ದೀಪದ ಹೊಂಬಣ್ಣವನ್ನು ತೊಳೆದುಹಾಕುತ್ತದೆ. ಟ್ಯೂಬ್‌ಲೈಟ್ ಗುರುತಿನ ಹತ್ತಿರ, 4000 ಕೆಲ್ವಿನ್ ಸುಮಾರಿಗೆ ಇಟ್ಟರೆ ಬಣ್ಣ ಉಳಿಯುತ್ತದೆ. ಸೀರೆ ಸೆರಗು ದೀಪಕ್ಕೆ ದೂರ ಇರಲಿ, ಪಂಚೆ ಇನ್ನೂ ದೂರ.

ಮಳೆಗಾಲಕ್ಕೆ

ಜುಲೈನ ಮೋಡದಲ್ಲಿ ಮೂರು ಗಂಟೆಗೇ ಬೆಳಕು ಸಾಲದು. ಆಗ ಚೌಕಟ್ಟನ್ನು ಕಿಟಕಿಯಿಂದ 3 ಅಡಿ ಮುಂದೆ ತಂದು ಹಿಂದೆ ಎಲ್ಇಡಿ ದೀಪ ಇಡುತ್ತೇನೆ. ಅಗ್ಗದ ಎಲ್ಇಡಿಯಲ್ಲಿ ಕೆಂಪು ಕಡಿಮೆ, ಕಂದು ಮುಖ ಬೂದಿ ಬಳಿದ ಹಾಗಾಗುತ್ತದೆ. ಡಬ್ಬಿ ಮೇಲೆ, ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಳತೆಯಾದ ಸಿಆರ್‌ಐ 90ಕ್ಕಿಂತ ಮೇಲೆ ಅಂತ ಬರೆದಿರುವುದನ್ನೇ ಕೊಳ್ಳಿ. ನಮ್ಮ ಕರೆಂಟು 50 ಹರ್ಟ್ಸ್, ಸಾಧಾರಣ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರನ್ನು 1/50 ಅಥವಾ 1/100ರಲ್ಲಿ ಇಟ್ಟರೆ ಪಟ್ಟೆ ಬರುವುದಿಲ್ಲ. ಕಿಟಕಿ ಬೆಳಕಿನ ಜೊತೆ ಬೆರೆಸಬೇಡಿ, ಎರಡರ ಬಣ್ಣ ಬೇರೆ. ಕಿಟಕಿಗೆ ಕಪ್ಪು ಬಟ್ಟೆ ಹಾಕಿ, ಆಮೇಲೆ ದೀಪ ಹಚ್ಚಿ.

ಈಗ ಬಾಕಿ ಇರುವುದು ಹಿನ್ನೆಲೆ ಹಲಗೆಗೆ ಒಂದು ಕಾಲು. ಸದ್ಯಕ್ಕೆ ಕುರ್ಚಿಗೆ ಒರಗಿಸಿದ್ದೇನೆ. ಉಳಿದ ಎರಡಡಿ ಪೈಪಿನಲ್ಲಿ ಅದು ಆಗುವುದಿಲ್ಲ, ಇನ್ನೊಂದು ಪೈಪು, ನಾಲ್ಕು ಟೀ ತರಬೇಕು. ಹಲಗೆ ಯಾವ ಕೋನಕ್ಕೂ ತಿರುಗುವ ಹಾಗೆ ಮಾಡಿದರೆ ಹಿನ್ನೆಲೆಯ ಬೆಳಕನ್ನು ಕುರ್ಚಿ ಎಳೆದಾಡದೆ ಹದ ಮಾಡಬಹುದು.